ಹಿತ್ತಾಳೆಯ ಹೊಳಪಿಗೆ ಪಾರದರ್ಶಕ ಲೇಪ: ಬಾಳಿಕೆಗಿಂತ ಮೊದಲು ವಿಚಾರಿಸಬೇಕಾದದ್ದು

ಚಿಕ್ಕಮಗಳೂರು ಸೀಮೆಯಲ್ಲಿ ಹಿತ್ತಾಳೆಯನ್ನು ಹೊಳೆಯುವಂತೆ ಮಾಡುವುದು ದೊಡ್ಡ ಸಂಗತಿಯೇನಲ್ಲ. ಹುಣಸೆಹಣ್ಣು, ಒಲೆಯ ಬೂದಿ ಮತ್ತು ಒಂದಿಷ್ಟು ತೋಳ್ಬಲ ಇದ್ದರೆ ಅಜ್ಜಿಯ ಕಾಲದ ಕಾಲುದೀಪವೂ ಒಂದು ಮಧ್ಯಾಹ್ನದಲ್ಲಿ ಬೆಳಗುತ್ತದೆ. ಬಫಿಂಗ್ ಯಂತ್ರ ಇಟ್ಟುಕೊಂಡವರ ಕೈಗೆ ಕೊಟ್ಟರೆ ಅದಕ್ಕಿಂತಲೂ ಬೇಗ. ಆ ಹೊಳಪನ್ನು ಮೃಗಶಿರದಿಂದ ಆಶ್ಲೇಷದವರೆಗಿನ ಮಳೆಗಳನ್ನು ದಾಟಿಸುವುದೇ ಇಲ್ಲಿನ ಕಷ್ಟ. ಜೂನ್ ಆರಂಭದಲ್ಲಿ ತಿಕ್ಕಿಟ್ಟ ಬಾಗಿಲ ಹಿಡಿ ಜುಲೈ ಮುಗಿಯುವ ಹೊತ್ತಿಗೆ ಕಂದಿರುತ್ತದೆ, ಕೈ ತಾಗಿದ ಕಡೆಯೆಲ್ಲ ಬೆರಳಚ್ಚಿನ ಕಪ್ಪು ಮೂಡಿರುತ್ತದೆ, ತಿರುಪು ಕೂತ ಸಂದಿಗಳಲ್ಲಿ ಹಸಿರು ಕಿಲುಬು ಇಣುಕುತ್ತಿರುತ್ತದೆ. ಹಳೆಯ ತೊಟ್ಟಿಮನೆಯನ್ನು ಹೋಂಸ್ಟೇ ಮಾಡಿಕೊಂಡವರು, ಹೊಸ ಮನೆಗೆ ಆಸೆಪಟ್ಟು ಹಿತ್ತಾಳೆಯ ಚಿಲಕ ಹಾಕಿಸಿದವರು, ದೇವರ ಮನೆಯ ಪ್ರಭಾವಳಿಗೆ ಪಾಲಿಶ್ ಮಾಡಿಸಿದವರು ಎಲ್ಲರೂ ಒಂದಲ್ಲ ಒಂದು ದಿನ ಬಣ್ಣವಿಲ್ಲದ ಲೇಪವೊಂದನ್ನು ಹುಡುಕಿಕೊಂಡು ಹೊರಡುತ್ತಾರೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ನನ್ನಂಥವರಿಗೆ ಈ ಪ್ರಶ್ನೆ ಮದುವೆಮನೆಯ ಊಟದ ಪಂಕ್ತಿಯಲ್ಲೂ ಎದುರಾಗುವುದುಂಟು.

ಕೇಳುವವರಿಗೆಲ್ಲ ಮೊದಲು ಬೇಕಾಗಿರುವುದು ಬಾಳಿಕೆಯ ಲೆಕ್ಕ. ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ಅತಿಥಿಗಳಿಗೆ ಕೋಣೆ ಕೊಡುತ್ತಿರುವ ನಮ್ಮ ಅತ್ತಿಗೆ ಹೇಳಿದ್ದನ್ನು ಹಾಗೆಯೇ ಬರೆಯುವುದಾದರೆ, “ಒಂದ್ಸಲ ಬಳಿದ್ರೆ ಆಮೇಲೆ ತಿರುಗಿ ನೋಡೋ ಹಂಗಿರಬಾರ್ದು, ಅಂಥದ್ದೊಂದು ಹೇಳು ಮಾರಾಯ.” ಅಂಥದ್ದೊಂದು ಇಲ್ಲ. ನಾನು ಯಾವುದೇ ಲೇಪದ ಬಗ್ಗೆ ಮೊದಲು ವಿಚಾರಿಸುವುದು, ಅದು ಕೆಟ್ಟ ದಿನ ಅದನ್ನು ಲೋಹಕ್ಕೆ ನೋವಾಗದಂತೆ ತೆಗೆಯುವ ದಾರಿ ಯಾವುದು ಎಂಬುದನ್ನು. ಬಾಳಿಕೆಯ ವಿಚಾರ ಅದರ ನಂತರದ್ದು. ಈ ಕ್ರಮ ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಗಾಳಿಯ ಆಮ್ಲಜನಕ, ತೇವ, ಗಂಧಕದ ಅನಿಲಗಳು ಮತ್ತು ಬೆವರಿನ ಉಪ್ಪು ಇವಿಷ್ಟೂ ಸೇರಿ ಅದರ ಮೇಲ್ಮೈಯನ್ನು ಕಂದಿಸುತ್ತವೆ. ಗಾಳಿಯ ತೇವಾಂಶ ಶೇ. 60ರಿಂದ 70ನ್ನು ಮೀರಿದರೆ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ನಿಂತು ಈ ಕ್ರಿಯೆಗಳೆಲ್ಲ ಚುರುಕಾಗುತ್ತವೆ. ನಮ್ಮ ಮಳೆಗಾಲದಲ್ಲಿ ಗಾಳಿ ವಾರಗಟ್ಟಲೆ ಆ ಮಿತಿಯ ಮೇಲೆಯೇ ಇರುತ್ತದೆ. ಪಾರದರ್ಶಕ ಲೇಪ ಮಾಡುವ ಕೆಲಸವೆಂದರೆ ಈ ತೇವ ಮತ್ತು ಅನಿಲಗಳು ಲೋಹವನ್ನು ತಲುಪುವ ವೇಗವನ್ನು ತಗ್ಗಿಸುವುದು. ಪೂರ್ತಿ ತಡೆಯುವುದು ಯಾವ ಪ್ಲಾಸ್ಟಿಕ್ ಪೊರೆಗೂ ಸಾಧ್ಯವಿಲ್ಲ, ಏಕೆಂದರೆ ನೀರಿನ ಆವಿಯೂ ಆಮ್ಲಜನಕವೂ ಅಂಥ ಪೊರೆಯ ಮೂಲಕ ನಿಧಾನವಾಗಿ ಹಾದುಹೋಗುತ್ತಲೇ ಇರುತ್ತವೆ. ಬಣ್ಣವಿರುವ ಪೇಂಟಿಗಾದರೆ ಒಂದು ಅನುಕೂಲವಿದೆ: ಅದರೊಳಗಿನ ವರ್ಣದ್ರವ್ಯ ಬಿಸಿಲಿನ ಅತಿನೇರಳೆ ಕಿರಣಗಳಿಂದ ರಾಳವನ್ನು ಕಾಪಾಡುತ್ತದೆ, ಜೊತೆಗೆ ಕೆಳಗೆ ಆಗುತ್ತಿರುವ ಹಾನಿಯನ್ನು ಮರೆಮಾಚುತ್ತದೆ. ಪಾರದರ್ಶಕ ಲೇಪಕ್ಕೆ ಈ ಎರಡು ಅನುಕೂಲಗಳೂ ಇಲ್ಲ.

ಮುಖ್ಯವಾದ ವ್ಯತ್ಯಾಸ ಹಾಳಾಗುವ ಬಗೆಯಲ್ಲಿದೆ. ಲೇಪವಿಲ್ಲದ ಹಿತ್ತಾಳೆ ಇಡಿಯಾಗಿ, ಸಮನಾಗಿ ಕಂದುತ್ತದೆ. ತಿಕ್ಕಿದರೆ ಇಡಿಯಾಗಿ ಮರಳಿ ಬೆಳಗುತ್ತದೆ. ಲೇಪ ಹಚ್ಚಿದ ಹಿತ್ತಾಳೆಯಲ್ಲಿ ಹಾನಿ ಆರಂಭವಾಗುವುದು ಸೂಜಿಮೊನೆಯಷ್ಟು ತೂತಿರುವ ಕಡೆ, ಅಂಚಿನಲ್ಲಿ ಲೇಪ ತೆಳುವಾದ ಕಡೆ, ಉಂಗುರ ತಾಗಿ ಗೀರು ಬಿದ್ದ ಕಡೆ. ಹರಿದ ಗೊರಬು ಹೊದ್ದವನು ತೂತಿನ ನೇರಕ್ಕೆ ಮಾತ್ರ ನೆನೆಯುವಂತೆ, ಸುತ್ತಲಿನ ಲೋಹ ಫಳಫಳ ಹೊಳೆಯುತ್ತಿರುವಾಗಲೇ ಅಲ್ಲಿ ಕಪ್ಪು ಚುಕ್ಕೆ ಎದ್ದು ನಿಲ್ಲುತ್ತದೆ. ಆ ಚುಕ್ಕೆ ಪೊರೆಯ ಅಡಿಯಲ್ಲಿರುವುದರಿಂದ ಮೇಲಿನಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇಡೀ ಲೇಪವನ್ನು ಕಳಚಿ, ಮತ್ತೆ ಪಾಲಿಶ್ ಮಾಡಿ, ಹೊಸದಾಗಿ ಹಚ್ಚದೆ ಬೇರೆ ದಾರಿಯಿಲ್ಲ. ಅಂದಮೇಲೆ ಅಸಿಟೋನ್ ಎಂಬ ದ್ರಾವಕದಲ್ಲಿ ಅದ್ದಿದ ಬಟ್ಟೆಗೆ ಬಿಟ್ಟುಬರುವ ಲೇಪವೂ ಮರಳು ಕಾಗದಕ್ಕೂ ಜಗ್ಗದ ಲೇಪವೂ ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳಲ್ಲ.

ಲೇಪದ ಮಾತಿಗೆ ಬರುವ ಮುನ್ನ ಅಮೋನಿಯದ ಬಗ್ಗೆ ಒಂದಿಷ್ಟು ಹೇಳಲೇಬೇಕು, ಏಕೆಂದರೆ ತೋಟದ ಮನೆಗಳಲ್ಲಿ ಕೊಟ್ಟಿಗೆ ಹತ್ತಿರವೇ ಇರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆಗೆ ವಿಚಿತ್ರವಾದ ಸಮಸ್ಯೆಯೊಂದು ಎದುರಾಗಿತ್ತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಬಂದೂಕಿನ ತೋಟಾಗಳ ಹಿತ್ತಾಳೆಯ ಕವಚಗಳು ಯಾರೂ ಮುಟ್ಟದಿದ್ದರೂ ತಾವಾಗಿಯೇ ಸೀಳು ಬಿಡುತ್ತಿದ್ದವು. ಋತುವಿಗೆ ತಕ್ಕಂತೆ ಬರುವ ಈ ಬಿರುಕಿಗೆ ತೃಪ್ತಿಕರ ವಿವರಣೆ ಸಿಕ್ಕಿದ್ದು 1921ರಲ್ಲಿ: ಕುದುರೆಗಳ ಮೂತ್ರ ಕೊಳೆತು ಹೊರಡುವ ಅಮೋನಿಯ, ಮಳೆಗಾಲದ ತೇವ, ಮತ್ತು ತಗಡನ್ನು ತಣ್ಣಗಿರುವಾಗಲೇ ಎಳೆದು ರೂಪ ಕೊಡುವಾಗ ಲೋಹದೊಳಗೆ ಉಳಿದುಹೋದ ಒತ್ತಡ, ಈ ಮೂರೂ ಕೂಡಿದಾಗ ಹಿತ್ತಾಳೆ ಸೀಳುತ್ತದೆ. ಕವಚಗಳನ್ನು ಹದವಾಗಿ ಕಾಯಿಸಿ ಒಳಗಿನ ಒತ್ತಡವನ್ನು ಸಡಿಲಿಸುವುದು ಅದಕ್ಕೆ ಕಂಡುಕೊಂಡ ಪರಿಹಾರ. ನಮ್ಮ ಕೊಟ್ಟಿಗೆಗೂ ಕುದುರೆ ಲಾಯಕ್ಕೂ ರಸಾಯನಶಾಸ್ತ್ರದ ದೃಷ್ಟಿಯಿಂದ ಹೆಚ್ಚಿನ ಅಂತರವಿಲ್ಲ. ತೆಳು ತಗಡನ್ನು ಒತ್ತಿ ಮಾಡಿದ ಹಿತ್ತಾಳೆಯ ಸಾಮಾನನ್ನು ಕೊಟ್ಟಿಗೆಗೆ ಹೊಂದಿಕೊಂಡ ಗೋಡೆಯ ಮೇಲೆ ಅಲಂಕಾರಕ್ಕೆ ತೂಗುಹಾಕಿದರೆ ಯಾವ ಲೇಪವೂ ಅದನ್ನು ಬಹಳ ಕಾಲ ಕಾಯಲಾರದು. ಜಾಗ ಬದಲಾಯಿಸುವುದೇ ಒಳ್ಳೆಯದು. ಇನ್ನೊಂದು ಮಾತು: ಅಂಗಡಿಯಲ್ಲಿ ಸಿಗುವ ಕೆಲವು ದ್ರವ ಪಾಲಿಶ್‌ಗಳಲ್ಲೂ ಅಮೋನಿಯ ಇರುತ್ತದೆ. ಹೊಳಪಿಸಲು ಅವನ್ನು ಬಳಸಬಾರದೆಂದಲ್ಲ, ಆದರೆ ಲೇಪ ಹಚ್ಚುವ ಮುನ್ನ ಅವುಗಳ ಲವಲೇಶವೂ ಉಳಿಯದಂತೆ ತೊಳೆಯಬೇಕು.

ಮನೆಯಲ್ಲಿರುವ ಎಷ್ಟೋ ವಸ್ತುಗಳಿಗೆ ಲೇಪವೇ ಬೇಡ. ಅಡುಗೆ ಮಾಡುವ, ಊಟ ಬಡಿಸುವ, ನೀರು ತುಂಬುವ ಪಾತ್ರೆಗಳಿಗೆ ಲ್ಯಾಕರ್, ಅಂದರೆ ದ್ರಾವಕ ಆರಿ ಪೊರೆಯಾಗಿ ನಿಲ್ಲುವ ಲೇಪ, ಹಚ್ಚುವ ಮಾತನ್ನೇ ಆಡಬಾರದು. ಒಳಮೈಗೆ ಬೇಕಾದ ರಕ್ಷಣೆ ಕಲಾಯಿ, ಅದು ತವರದ ಲೇಪ, ಅದರ ದಾರಿಯೇ ಬೇರೆ. ಬಚ್ಚಲಿನ ತಾಮ್ರದ ಹಂಡೆ ಬೆಂಕಿಯ ಮೇಲೆ ಕೂರುವಂಥದ್ದು. ಎಣ್ಣೆ ಸುರಿದು ಬತ್ತಿ ಹಚ್ಚುವ ದೀಪದ ಬಟ್ಟಲಿಗೂ ಲೇಪ ಸಲ್ಲದು, ಏಕೆಂದರೆ ಬಿಸಿಗೆ ಪೊರೆ ಮೆತ್ತಗಾಗಿ ಸುಡುತ್ತದೆ. ದೀಪದ ಕಂಬ ಮತ್ತು ಪೀಠಕ್ಕೆ ಬೇಕಾದರೆ ಹಚ್ಚಬಹುದು. ದಿನವೂ ಅಭಿಷೇಕವಾಗುವ ಪಂಚಲೋಹದ ಮೂರ್ತಿಗೆ ಅಭಿಷೇಕದ ನಂತರ ಒರೆಸುವ ಒಣ ಬಟ್ಟೆಯೇ ಸಾಕಾದ ರಕ್ಷಣೆ. ಬೆಳ್ಳಿಯ ಸಾಮಾನನ್ನು ಉಣ್ಣೆಯಿಂದಲೂ ರಬ್ಬರ್ ಬ್ಯಾಂಡಿನಿಂದಲೂ ದೂರವಿಟ್ಟು ಗಾಳಿಯಾಡದಂತೆ ಕಟ್ಟಿಟ್ಟರೆ ಅರ್ಧ ಕೆಲಸ ಮುಗಿಯಿತು. ಅವೆರಡರಿಂದಲೂ ಹೊರಡುವ ಗಂಧಕವೇ ಬೆಳ್ಳಿಯನ್ನು ಕಪ್ಪಾಗಿಸುವುದು.

ಸ್ಟೇನ್‌ಲೆಸ್ ಸ್ಟೀಲಿನ ಮೆಟ್ಟಿಲ ಕಂಬಿಗೂ ಲ್ಯಾಕರ್ ಬೇಡ. ಶೇ. 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇರುವ ಉಕ್ಕು ತನ್ನ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡಿನ ಪೊರೆಯನ್ನು ತಾನೇ ಬೆಳೆಸಿಕೊಳ್ಳುತ್ತದೆ. ಗೀರಿದರೆ ಗಾಳಿ ತಾಗಿದೊಡನೆ ಅದು ಮತ್ತೆ ಮೂಡುತ್ತದೆ. ಹೀಗಿದ್ದೂ ಹೊಸ ಕಂಬಿ ಒಂದೇ ಮಳೆಗಾಲದಲ್ಲಿ ಕಂದುಬಣ್ಣದ ಚುಕ್ಕೆ ಬಿಟ್ಟಿತು ಎಂದು ಹಲವರು ಹೇಳುತ್ತಾರೆ. ಅಂಥ ಕಡೆ ನೋಡಬೇಕಾದದ್ದು ಕಂಬಿಯ ದರ್ಜೆಯನ್ನು. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 200ರ ಸರಣಿಯ ಅಗ್ಗದ ಉಕ್ಕು 304 ಎಂಬ ದರ್ಜೆಯ ಉಕ್ಕಿನಷ್ಟು ತುಕ್ಕನ್ನು ತಡೆಯುವುದಿಲ್ಲ, ನೋಡಲು ಮಾತ್ರ ಎರಡೂ ಒಂದೇ.

ಇನ್ನು ಉಳಿದವು ಬಾಗಿಲ ಹಿಡಿ, ಚಿಲಕ, ಹೆಸರಿನ ಫಲಕ, ತೂಗುದೀಪದ ಸರಪಳಿ, ಕನ್ನಡಿಯ ಚೌಕಟ್ಟು, ಶೋಕೇಸಿನ ಪ್ರತಿಮೆ ಮುಂತಾದವು. ಇವಕ್ಕೆ ಯಾವ ಲೇಪ?

ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಮೊದಲು ಕೈಗೆ ಬರುವುದು ಮರಕ್ಕೆ ಹಚ್ಚುವ ವಾರ್ನಿಷ್. ಅದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಒಣಗುವ ಎಣ್ಣೆಗಳಿಂದ ಮಾಡಿದ ವಾರ್ನಿಷ್ ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಎಣ್ಣೆಯ ಕೊಬ್ಬಿನಾಮ್ಲಗಳು ತಾಮ್ರದೊಂದಿಗೆ ಕೂಡಿ ಹಸಿರು ಬಣ್ಣದ ತಾಮ್ರದ ಸಾಬೂನು ಎನ್ನಬಹುದಾದ ಸಂಯುಕ್ತವನ್ನು ಉಂಟುಮಾಡುತ್ತವೆ. ಕಿಲುಬನ್ನು ತಡೆಯಲು ಹಚ್ಚಿದ ವಸ್ತುವೇ ಹಸಿರಾಗುವುದು ಯಾರಿಗೆ ಬೇಕು? ವಾಸನೆಯಿಲ್ಲ ಎಂಬ ಕಾರಣಕ್ಕೆ ಜನ ಇಷ್ಟಪಡುವ ನೀರು ಬೆರೆತ ಅಕ್ರಿಲಿಕ್ ಲೇಪಗಳಲ್ಲೂ ಒಂದು ತೊಡಕಿದೆ. ಅಂಥ ಹಲವು ಲೇಪಗಳನ್ನು ಡಬ್ಬದಲ್ಲಿ ಸ್ಥಿರವಾಗಿಡಲು ಅಮೋನಿಯವನ್ನೇ ಸೇರಿಸಿರುತ್ತಾರೆ, ಮತ್ತು ಅದು ಆರುವ ಮೊದಲೇ ಹಿತ್ತಾಳೆಯ ಮೇಲೆ ಕಲೆ ಮಾಡಬಲ್ಲದು. ಲೋಹಕ್ಕೆಂದೇ ತಯಾರಿಸಿದ್ದು ಎಂದು ಡಬ್ಬದ ಮೇಲೆ ಇಲ್ಲದಿದ್ದರೆ ಅದನ್ನು ತಾಮ್ರ, ಹಿತ್ತಾಳೆ, ಕಂಚಿನ ಹತ್ತಿರಕ್ಕೆ ತರಬಾರದು.

ನಂತರದ್ದು ಎನ್.ಸಿ. ಲ್ಯಾಕರ್, ಅಂದರೆ ನೈಟ್ರೋಸೆಲ್ಯುಲೋಸ್. ಬಹಳ ಹಿಂದಿನಿಂದಲೂ ಹಿತ್ತಾಳೆ, ಬೆಳ್ಳಿಗೆ ಬಳಕೆಯಲ್ಲಿರುವುದು ಇದು, ಹಾಗೂ ಅದಕ್ಕೆ ಕಾರಣಗಳಿವೆ. ಬೇಗ ಆರುತ್ತದೆ, ತೆಳುವಾಗಿ ಸಮನಾಗಿ ಹರಡುತ್ತದೆ, ಕುಂಚದ ಗೆರೆ ಉಳಿಯುವುದಿಲ್ಲ, ತಿನ್ನರ್‌ನಲ್ಲಿ ಅದ್ದಿದ ಬಟ್ಟೆಗೆ ಸುಲಭವಾಗಿ ಬಿಟ್ಟುಬರುತ್ತದೆ. ದೋಷಗಳೂ ಕಡಿಮೆಯಿಲ್ಲ: ಬಿಸಿಲಿಗೆ ಹಳದಿಯಾಗುತ್ತದೆ, ಹಳತಾದಂತೆ ಬಿರುಸಾಗಿ ಬಿರಿಯುತ್ತದೆ, ಕೆಡುವಾಗ ನೈಟ್ರೋಜನ್ನಿನ ಆಕ್ಸೈಡುಗಳನ್ನು ಬಿಡುತ್ತದೆ, ಮತ್ತು ಹಚ್ಚುವಾಗ ಹತ್ತಿರದಲ್ಲಿ ದೀಪವೋ ಊದುಬತ್ತಿಯೋ ಇದ್ದರೆ ಅನಾಹುತವಾದೀತು. ಮನೆಯೊಳಗಿನ, ಬಿಸಿಲು ಬೀಳದ, ಹೆಚ್ಚಾಗಿ ಕೈ ತಾಗದ ವಸ್ತುವಿಗೆ ಇದು ಇಂದಿಗೂ ತಕ್ಕುದೆಂದೇ ನನ್ನ ಅಭಿಪ್ರಾಯ. ಹಿತ್ತಾಳೆಯ ಮೇಲಾದರೆ ಒಂದಿಷ್ಟು ಹಳದಿ ಕಣ್ಣಿಗೂ ಬೀಳದು.

ನಾನು ಹೆಚ್ಚಾಗಿ ಶಿಫಾರಸು ಮಾಡುವುದು ದ್ರಾವಕದಲ್ಲಿ ಕರಗಿಸಿದ ಅಕ್ರಿಲಿಕ್ ಲ್ಯಾಕರನ್ನು. ತಾಮ್ರದ ಮಿಶ್ರಲೋಹಗಳಿಗೆ ಈ ವರ್ಗದಲ್ಲಿ ಹೆಸರಾದದ್ದು 1960ರ ದಶಕದಲ್ಲಿ ಅಂತಾರಾಷ್ಟ್ರೀಯ ತಾಮ್ರ ಸಂಶೋಧನಾ ಸಂಘಕ್ಕಾಗಿ ರೂಪಿಸಿದ ಇನ್‌ಕ್ರಾಲ್ಯಾಕ್. ಪ್ಯಾರಲಾಯ್ಡ್ ಬಿ-44 ಎಂಬ ಅಕ್ರಿಲಿಕ್ ರಾಳವನ್ನು ಟೊಲುಯೀನ್‌ನಂಥ ದ್ರಾವಕದಲ್ಲಿ ಕರಗಿಸಿ, ಅದಕ್ಕೆ ಬೆಂಜೊಟ್ರಯಜೋಲ್ ಎಂಬ ವಸ್ತುವನ್ನು ಸ್ವಲ್ಪ ಬೆರೆಸಿದ ಲೇಪವಿದು. ಬೆಂಜೊಟ್ರಯಜೋಲಿನ ಗುಣ ಸ್ವಾರಸ್ಯಕರವಾಗಿದೆ: ಅದು ತಾಮ್ರದ ಪರಮಾಣುಗಳೊಂದಿಗೆ ಬಂಧ ಬೆಳೆಸಿ ಮೇಲ್ಮೈಯಲ್ಲಿ ಬಹಳ ತೆಳುವಾದ, ಕಿಲುಬನ್ನು ತಡೆಯುವ ಪದರವಾಗುತ್ತದೆ, ಲ್ಯಾಕರಿನೊಳಗೆ ಇದ್ದಾಗ ಅತಿನೇರಳೆ ಕಿರಣವನ್ನು ಹೀರಿ ರಾಳವನ್ನೂ ಕಾಯುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಕಂಚಿನ ವಸ್ತುಗಳ ಸಂರಕ್ಷಣೆಗೂ 1960ರ ದಶಕದಿಂದ ಇದನ್ನು ಬಳಸುತ್ತ ಬಂದಿದ್ದಾರೆ. ಕೊಳ್ಳುವಾಗ ಹೆಸರಿಗಿಂತ ವಿವರ ಮುಖ್ಯ: ಡಬ್ಬದ ಮೇಲೆ ಅಕ್ರಿಲಿಕ್ ಎಂದಿರಬೇಕು, ತಾಮ್ರ ಅಥವಾ ಹಿತ್ತಾಳೆಗೆ ಎಂದಿರಬೇಕು, ಒಂದೇ ಡಬ್ಬದಲ್ಲಿ ಬರುವಂಥದ್ದಾಗಿರಬೇಕು, ಯಾವ ತಿನ್ನರಿನಲ್ಲಿ ಕರಗುತ್ತದೆ ಎಂಬುದು ಸ್ಪಷ್ಟವಾಗಿರಬೇಕು.

ಅಕ್ರಿಲಿಕ್ಕಿನ ದೌರ್ಬಲ್ಯ ಬಿಸಿ. ಸಂರಕ್ಷಕರು ಹೆಚ್ಚಾಗಿ ಬಳಸುವ ಪ್ಯಾರಲಾಯ್ಡ್ ಬಿ-72 ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗತೊಡಗುತ್ತದೆ, ಬಿ-44 ಸುಮಾರು 60 ಡಿಗ್ರಿಯಲ್ಲಿ. ಚಿಕ್ಕಮಗಳೂರಿನ ಗಾಳಿ 40 ಡಿಗ್ರಿ ಮುಟ್ಟುವುದು ನಮ್ಮ ಅನುಭವದಲ್ಲಿಲ್ಲ, ಆದರೆ ಮಾರ್ಚಿನ ಬಿಸಿಲು ನೇರವಾಗಿ ಬೀಳುವ ಹೆಬ್ಬಾಗಿಲ ಹಿತ್ತಾಳೆ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಆಗ ಬಿ-72ರ ಪೊರೆ ಅಂಟಂಟಾಗಿ ತೋಟದ ಕೆಂಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಒಳಾಂಗಣದ ಪ್ರತಿಮೆಗೆ ಅದು, ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿಗೆ ಬಿ-44ರ ಜಾತಿಯದು ಎಂದು ನಾನು ಭಾಗ ಮಾಡಿಕೊಂಡಿದ್ದೇನೆ.

ಎರಡು ಡಬ್ಬಗಳ ಪಾಲಿಯುರೆಥೇನ್ ಬಗ್ಗೆ ಕೇಳದವರಿಲ್ಲ. ಕಾರಿಗೆ ಹೊಡೆಯುವ ಕ್ಲಿಯರ್ ಕೋಟ್ ಇದೇ ವರ್ಗದ್ದು. ರಾಳ ಮತ್ತು ಹಾರ್ಡ್‌ನರ್ ಬೆರೆತಾಗ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ದ್ರಾವಕಕ್ಕೂ ಗೀರಿಗೂ ಜಗ್ಗದ ಪೊರೆಯಾಗುತ್ತದೆ. ಹಾರ್ಡ್‌ನರಿನ ಅಣುವಿನಲ್ಲಿ ಬೆಂಜೀನ್ ಉಂಗುರವಿಲ್ಲದ ಅಲಿಫ್ಯಾಟಿಕ್ ಜಾತಿಯದಾದರೆ ಬಿಸಿಲಿಗೆ ಹಳದಿಯಾಗುವುದೂ ಇಲ್ಲ, ಆ ಉಂಗುರವಿರುವ ಆರೋಮ್ಯಾಟಿಕ್ ಜಾತಿಯದು ಆಗುತ್ತದೆ. ಬಾಳಿಕೆಯ ಲೆಕ್ಕದಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಯಾವ ಹೆಣಿಗೆ ಅದನ್ನು ಗಟ್ಟಿಯಾಗಿಸುತ್ತದೆಯೋ ಅದೇ ಹೆಣಿಗೆ ಅದನ್ನು ತೆಗೆಯಲಾಗದಂತೆಯೂ ಮಾಡುತ್ತದೆ. ಅಸಿಟೋನ್ ಸಾಲುವುದಿಲ್ಲ, ಡೈಕ್ಲೋರೋಮೀಥೇನ್‌ನಂಥ ಅಪಾಯಕಾರಿ ದ್ರಾವಕವಿರುವ ರಿಮೂವರ್ ಬೇಕು, ಇಲ್ಲವೇ ತಂತಿ ಬ್ರಷ್ಷೂ ಬಫಿಂಗ್ ಯಂತ್ರವೂ ಬೇಕು. ಕುಸುರಿ ಕೆತ್ತನೆಯಿರುವ ಹಳೆಯ ವಸ್ತುವಿನ ಮೇಲೆ ಯಂತ್ರ ಹಾಯಿಸಿದರೆ ಲೇಪದೊಂದಿಗೆ ಕೆತ್ತನೆಯ ಮೊನಚೂ ಹೋಗುತ್ತದೆ. ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಉಸಿರಿನೊಂದಿಗೆ ಒಳಹೋದರೆ ಉಬ್ಬಸ ತರಬಲ್ಲದು, ಒಮ್ಮೆ ದೇಹ ಅದಕ್ಕೆ ಅಲರ್ಜಿ ಬೆಳೆಸಿಕೊಂಡರೆ ಮುಂದೆ ಅಲ್ಪ ಪ್ರಮಾಣವೂ ತಡೆಯದು. ಮನೆಯ ಜಗಲಿಯಲ್ಲಿ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಸ್ಪ್ರೇ ಮಾಡುವ ವಸ್ತು ಇದಲ್ಲ. ಹೊಸದಾಗಿ ಕೊಂಡ, ಕೆತ್ತನೆಯಿಲ್ಲದ, ಕೆಟ್ಟರೆ ಬದಲಿಸಬಹುದಾದ ಗೇಟಿನ ಹಿಡಿಗೆ ಸರಿಯಾದ ಸೌಕರ್ಯವಿರುವ ಕಡೆ ಕೊಟ್ಟು ಹೊಡೆಸಿಕೊಳ್ಳಬಹುದು. ಅಜ್ಜನ ಕಾಲದ ವಸ್ತುವಿಗೆ ಬೇಡ.

ಪುಡಿಯನ್ನು ಸಿಂಪಡಿಸಿ ಬಿಸಿಗೆ ಕರಗಿಸಿ ಪೊರೆಯಾಗಿಸುವ ಪಾರದರ್ಶಕ ಪೌಡರ್ ಕೋಟಿಂಗ್‌ಗೂ ಇದೇ ಮಾತು ಸಲ್ಲುತ್ತದೆ. ಅದನ್ನು ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸಬೇಕಾಗುವುದರಿಂದ ಮರ, ಗಾಜು, ಬೆಸುಗೆಯ ಸೀಸ ಕೂಡಿದ ವಸ್ತುಗಳನ್ನು ಒಯ್ಯುವಂತಿಲ್ಲ. ಇನ್ನು ಎಪಾಕ್ಸಿ ಲೇಪ ಬಿಸಿಲಿಗೆ ಹಳದಿಯಾಗಿ ಸುಣ್ಣದಂಥ ಪುಡಿ ಬಿಡುತ್ತದೆ, ಹೊರಗಿನ ವಸ್ತುವಿಗೆ ಅದು ಬೇಡ ಎಂದರೆ ಸಾಕು.

ಮೇಣವನ್ನು ಬಹಳ ಜನ ಕಡೆಗಣಿಸುತ್ತಾರೆ. ಬ್ರಿಟಿಷ್ ಮ್ಯೂಸಿಯಮ್ಮಿನವರು 1950ರ ದಶಕದಲ್ಲಿ ತಮ್ಮ ಸಂಗ್ರಹದ ವಸ್ತುಗಳಿಗಾಗಿ ರೂಪಿಸಿದ ಮೈಕ್ರೋಕ್ರಿಸ್ಟಲೈನ್ ಮೇಣದ ಪಾಲಿಶ್ ಇಂದು ರಿನೈಸಾನ್ಸ್ ವ್ಯಾಕ್ಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಪೆಟ್ರೋಲಿಯಂ ಮೂಲದ ಈ ಮೇಣದಲ್ಲಿ ಆಮ್ಲವಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ನಮ್ಮ ಕಡೆ ಸುಲಭವಾಗಿ ಸಿಗುವ ಜೇನುಮೇಣದಲ್ಲಿ ಸಹಜವಾಗಿಯೇ ಆಮ್ಲಗಳಿರುವುದರಿಂದ ತಾಮ್ರದ ಮೇಲೆ ಅದು ನಿಧಾನವಾಗಿ ಹಸಿರು ತರಿಸಬಲ್ಲದು. ಮೇಣ ಲ್ಯಾಕರಿನಷ್ಟು ಕಾಲ ಕಾಯುವುದಿಲ್ಲ, ಕೈ ತಾಗಿದಷ್ಟೂ ಸವೆಯುತ್ತದೆ. ಆದರೆ ಹಚ್ಚಲು ಒಂದು ಮೆದು ಬಟ್ಟೆ ಸಾಕು, ತೆಗೆಯಲು ಪೆಟ್ರೋಲಿಯಂ ಮೂಲದ ದ್ರಾವಕವಾದ ವೈಟ್ ಸ್ಪಿರಿಟ್ ಸಾಕು, ಮೇಲಿಂದ ಮೇಲೆ ಹಚ್ಚಿದರೂ ತೊಂದರೆಯಿಲ್ಲ. ಅಕ್ರಿಲಿಕ್ ಲ್ಯಾಕರಿನ ಮೇಲೆ ಮೇಣ ಹಚ್ಚಿದರೆ ಸವೆತವೆಲ್ಲ ಮೇಣದ ಪಾಲಾಗಿ ಲ್ಯಾಕರ್ ಉಳಿಯುತ್ತದೆ. ಮಲೆನಾಡಿಗೆ ನನಗೆ ಹೆಚ್ಚು ಒಪ್ಪಿಗೆಯಾದದ್ದು ಈ ಜೋಡಿಯೇ.

ಅಲ್ಯುಮಿನಿಯಂ ವಿಷಯ ಬೇರೆಯದು. ಹಳೆಯ ಬುಲೆಟ್ ಗಾಡಿಯ ಎಂಜಿನ್ ಕವರನ್ನೋ ಕಾರಿನ ಅಲಾಯ್ ಚಕ್ರವನ್ನೋ ಕನ್ನಡಿಯಂತೆ ಬಫ್ ಮಾಡಿಸಿ ಅದರ ಮೇಲೆ ಕ್ಲಿಯರ್ ಹೊಡೆಸಿದವರು ಸ್ವಲ್ಪ ಕಾಲದ ಮೇಲೆ ಲೇಪದ ಅಡಿಯಲ್ಲಿ ಬಿಳಿಯ ಎಳೆಹುಳುಗಳು ಹರಿದಾಡಿದಂಥ ಗೆರೆಗಳನ್ನು ಕಂಡಿರುತ್ತಾರೆ. ಇದು ಫಿಲಿಫಾರ್ಮ್ ಎಂಬ ಬಗೆಯ ಸವೆತ. ಗೀರು ಬಿದ್ದ ಕಡೆಯಿಂದ ತೇವ ಮತ್ತು ಉಪ್ಪು ಒಳಹೊಕ್ಕು, ಎಳೆಯ ತಲೆಯ ಭಾಗದಲ್ಲಿ ಲೋಹ ಕರಗುತ್ತ, ಬಾಲದ ಕಡೆಯಿಂದ ಆಮ್ಲಜನಕ ಬರುತ್ತ, ಲೇಪವನ್ನು ಎಬ್ಬಿಸಿಕೊಂಡು ಮುಂದಕ್ಕೆ ಸಾಗುತ್ತದೆ. ತೇವಾಂಶ ಹೆಚ್ಚಿರುವ ಗಾಳಿ ಇದಕ್ಕೆ ಅನುಕೂಲ, ಹಾಗಾಗಿ ಸಕಲೇಶಪುರದ ಮಳೆಯಲ್ಲಿ ಓಡಾಡುವ ಗಾಡಿಗೆ ಇದು ತಪ್ಪುವುದು ಕಷ್ಟ. ಮೇಲಾಗಿ ಎಂಜಿನ್ನಿನ ಬಿಸಿಗೆ ಅಕ್ರಿಲಿಕ್ಕೂ ನಿಲ್ಲದು, ಮೇಣವೂ ಕರಗಿ ಹೋಗುತ್ತದೆ. ಅಲ್ಯುಮಿನಿಯಮ್ಮಿಗೆ ತಕ್ಕ ರಕ್ಷಣೆಯೆಂದರೆ ವಿದ್ಯುತ್ತಿನ ನೆರವಿನಿಂದ ಅದರದೇ ಆಕ್ಸೈಡನ್ನು ದಪ್ಪವಾಗಿ ಬೆಳೆಸುವ ಆನೊಡೈಸಿಂಗ್. ಅದರಿಂದ ಕನ್ನಡಿಯ ಹೊಳಪು ಸ್ವಲ್ಪ ಮಂಕಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಅದು ಬೇಡವೆಂದರೆ ಲೇಪವಿಲ್ಲದೆ ಬಿಟ್ಟು ಆಗಾಗ ಕೈಯಿಂದ ಪಾಲಿಶ್ ಮಾಡುವುದೇ ನೇರ.

ಲೇಪದ ಆಯ್ಕೆಯಷ್ಟೇ, ಬಹುಶಃ ಅದಕ್ಕಿಂತ ಹೆಚ್ಚು, ಫಲಿತಾಂಶವನ್ನು ತೀರ್ಮಾನಿಸುವುದು ಹಚ್ಚುವ ಮುನ್ನ ನಡೆಯುವ ಶುಚಿಕಾರ್ಯ. ಹೆಚ್ಚು ಹೊಳಪಿಸಿದ ಮೇಲ್ಮೈ ಎಂದರೆ ನುಣುಪಾದ ಮೇಲ್ಮೈ, ಮತ್ತು ನುಣುಪಿನ ಮೇಲೆ ಯಾವ ಪೊರೆಗೂ ಕಚ್ಚಿಕೊಳ್ಳಲು ಹಿಡಿತ ಸಿಗುವುದಿಲ್ಲ. ಅದರ ಮೇಲೆ ಬಫಿಂಗ್ ಸೋಪಿನ, ಅಂದರೆ ಯಂತ್ರದ ಚಕ್ರಕ್ಕೆ ಹಚ್ಚುವ ಜಿಡ್ಡಿನ ಪಾಲಿಶ್ ಗಟ್ಟಿಯ, ಕೊಬ್ಬು ಕೂತಿದ್ದರಂತೂ ಲ್ಯಾಕರ್ ಕೊಬ್ಬಿಗೆ ಅಂಟುತ್ತದೆಯೇ ಹೊರತು ಲೋಹಕ್ಕಲ್ಲ. ಬಫ್ ಮಾಡುವವರು ಸಾಮಾನ್ಯವಾಗಿ ಕೊನೆಯಲ್ಲಿ ಸುಣ್ಣದ ಪುಡಿ ಹಾಕಿ ಒರೆಸಿ ಕೊಡುತ್ತಾರೆ. ಕಣ್ಣಿಗೆ ಅದು ಶುಚಿಯಾಗಿಯೇ ಕಾಣುತ್ತದೆ, ಆದರೆ ಕೆತ್ತನೆಯ ಸಂದಿಗಳಲ್ಲಿ ಸೋಪು ಉಳಿದೇ ಇರುತ್ತದೆ. ಮೊದಲು ಸಾಬೂನು ನೀರಿನಲ್ಲಿ ಮೆದು ಬ್ರಷ್ಷಿನಿಂದ ತೊಳೆದು, ಒಣಗಿಸಿ, ನಂತರ ಅಸಿಟೋನ್ ಅದ್ದಿದ ಬಿಳಿ ಹತ್ತಿಬಟ್ಟೆಯಿಂದ, ಬಟ್ಟೆ ಬದಲಾಯಿಸುತ್ತ, ಬಟ್ಟೆಯ ಮೇಲೆ ಕಪ್ಪು ಬರುವುದು ನಿಲ್ಲುವವರೆಗೂ ಒರೆಸಬೇಕು. ಒಂದೇ ಬಟ್ಟೆಯಿಂದ ಒರೆಸಿದರೆ ಕೊಬ್ಬು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತದೆ ಅಷ್ಟೆ. ಶುಚಿಯಾಯಿತೇ ಎಂದು ತಿಳಿಯಲು ಸರಳವಾದ ಪರೀಕ್ಷೆಯಿದೆ: ಶುದ್ಧ ನೀರನ್ನು ಮೇಲೆ ಸುರಿದಾಗ ಅದು ಎಲ್ಲೂ ಹರಿದು ಹನಿಗಟ್ಟದೆ ಒಂದೇ ಹಾಳೆಯಾಗಿ ನಿಂತರೆ ಕೊಬ್ಬು ಹೋಗಿದೆ, ಕೆಸುವಿನ ಎಲೆಯ ಮೇಲಿನಂತೆ ಮುತ್ತುಗಟ್ಟಿದರೆ ಇನ್ನೂ ಇದೆ. ಇಲ್ಲಿಂದ ಮುಂದೆ ಬರಿಗೈ ತಾಗಕೂಡದು, ಕೈಗವಸು ಬೇಕು. ಆ ಹೊತ್ತಿಗೆ ಕಾಣದ ಬೆರಳಚ್ಚು ಲ್ಯಾಕರಿನ ಅಡಿಯಲ್ಲಿ ಮುಂದಿನ ಮಳೆಗಾಲಕ್ಕೆ ಗೆರೆಗೆರೆಯಾಗಿ ಕಪ್ಪಿಟ್ಟು ಮೇಲೇಳುತ್ತದೆ.

ಎರಡನೆಯ ಶತ್ರು ಹವೆ. ಲ್ಯಾಕರಿನ ದ್ರಾವಕ ಆವಿಯಾಗುವಾಗ ಲೋಹದ ಮೇಲ್ಮೈಯ ಶಾಖವನ್ನೂ ಹೊತ್ತೊಯ್ಯುತ್ತದೆ. ಗಾಳಿ ತೇವವಾಗಿದ್ದರೆ ತಣಿದ ಆ ಮೇಲ್ಮೈ ಮೇಲೆ ಮಂಜಿನ ಹನಿ ಕೂತು, ಆರುತ್ತಿರುವ ಪೊರೆಯೊಳಗೆ ಸಿಕ್ಕಿಹಾಕಿಕೊಂಡು, ಹಾಲು ಚೆಲ್ಲಿದಂಥ ಬಿಳುಪು ಕಾಣಿಸುತ್ತದೆ. ಲೇಪನದ ಕೆಲಸದಲ್ಲಿ ಎಲ್ಲೆಡೆ ಪಾಲಿಸುವ ನಿಯಮವೆಂದರೆ, ಲೋಹದ ಉಷ್ಣತೆ ಆ ಹೊತ್ತಿನ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆಗಿಂತ, ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ನಮ್ಮಲ್ಲಿ ರಾತ್ರಿಯೆಲ್ಲ ತಣ್ಣಗಿದ್ದ ದಪ್ಪ ಹಿತ್ತಾಳೆಯ ಮೇಲೆ ಬೆಳಗಿನ ಮಂಜಿನಲ್ಲಿ ಲ್ಯಾಕರ್ ಹಚ್ಚಿದರೆ ಈ ನಿಯಮ ಮುರಿದಂತೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸವನ್ನೇ ಕೈಗೆತ್ತಿಕೊಳ್ಳಬಾರದು. ಕಾಫಿ ಕೊಯ್ಲು ಮುಗಿದು ಕಣಗಳು ಬರಿದಾಗುವ ಫೆಬ್ರವರಿ, ಮಾರ್ಚಿನಲ್ಲಿ, ಮಂಜು ಪೂರ್ತಿ ಕರಗಿದ ಮೇಲೆ, ವಸ್ತುವನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿಟ್ಟು ಕೈಗೆ ಬೆಚ್ಚಗೆನಿಸುವಷ್ಟು ಕಾಯಿಸಿ, ನೆರಳಿಗೆ ತಂದು ಹಚ್ಚುವುದು ಉತ್ತಮ. ಹಾಸನ, ಅರಸೀಕೆರೆ ಕಡೆಯ ಬಯಲಿನವರಿಗೆ ಒಣಹವೆಯ ದಿನಗಳು ನಮಗಿಂತ ಹೆಚ್ಚು. ತುರ್ತಾಗಿ ತೇವದ ದಿನದಲ್ಲೇ ಮಾಡಬೇಕಾದರೆ ನಿಧಾನವಾಗಿ ಆರುವ ರಿಟಾರ್ಡರ್ ತಿನ್ನರನ್ನು ಬೆರೆಸಿಕೊಳ್ಳಬಹುದು. ಬಿಳುಪು ಬಂದ ಪೊರೆಯ ಮೇಲೆ ಅದನ್ನು ಹಗುರವಾಗಿ ಸಿಂಪಡಿಸಿದರೆ ಹಲವು ಬಾರಿ ಬಿಳುಪು ಹೋಗುವುದೂ ಉಂಟು.

ಹಚ್ಚುವಾಗ ಒಂದು ದಪ್ಪ ಪದರಕ್ಕಿಂತ ಎರಡು ಮೂರು ತೆಳು ಪದರಗಳು ಮೇಲು, ಒಂದನ್ನು ಅಡ್ಡಕ್ಕೆ, ಮುಂದಿನದನ್ನು ಉದ್ದಕ್ಕೆ. ಒಂದರಲ್ಲಿ ತಪ್ಪಿದ ತೂತು ಇನ್ನೊಂದರಲ್ಲಿ ಮುಚ್ಚುತ್ತದೆ. ಪೊರೆ ತೀರಾ ತೆಳುವಾದರೆ ಬೆಳಕಿನ ಪ್ರತಿಫಲನದಿಂದ ಕಾಮನಬಿಲ್ಲಿನ ಬಣ್ಣಗಳು ಆಡುತ್ತವೆ. ಅದು ಇನ್ನೊಂದು ಪದರ ಬೇಕೆನ್ನುವ ಸೂಚನೆ.

ಅತ್ತಿಗೆಯ ಮನೆಗೆ ನಾನು ಕೊನೆಗೆ ಸೂಚಿಸಿದ್ದು ಹೀಗೆ: ಪಡಸಾಲೆಯ ತೂಗುದೀಪದ ಸರಪಳಿಗೂ ಕನ್ನಡಿಯ ಚೌಕಟ್ಟಿಗೂ ಅಕ್ರಿಲಿಕ್ ಲ್ಯಾಕರ್, ಅದರ ಮೇಲೆ ಮೇಣ, ಅತಿಥಿಗಳ ಕೈ ದಿನವೂ ತಾಗುವ ಬಾಗಿಲ ಹಿಡಿಗಳಿಗೆ ಲ್ಯಾಕರ್ ಇಲ್ಲದೆ ಬರೀ ಮೇಣ, ಏಕೆಂದರೆ ಅಲ್ಲಿ ಕೈಯೇ ತಿಕ್ಕಿ ತಿಕ್ಕಿ ಹೊಳಪು ಕಾಯುತ್ತದೆ, ಹೊರಗಿನ ಹೆಸರಿನ ಫಲಕಕ್ಕೆ ಬಿ-44 ಜಾತಿಯ ಲ್ಯಾಕರ್, ಮಳೆಗೆ ಮುನ್ನ ಮೇಣದ ಮರುಲೇಪ, ಕೊಟ್ಟಿಗೆಯ ಗೋಡೆಗೆ ತಾಗಿದ ಹರಿವಾಣವನ್ನು ಊಟದ ಕೋಣೆಗೆ ಸ್ಥಳಾಂತರಿಸುವುದು. “ಅಲ್ಲಿಗೆ ವರ್ಷವರ್ಷ ಕೆಲಸ ಇದ್ದೇ ಇದೆ ಅನ್ನು” ಎಂದು ಅವರು ಮುಖ ಸಿಂಡರಿಸಿದ್ದೂ ನಿಜ. ಇದ್ದೇ ಇದೆ. ಒಂದು ಬಟ್ಟೆ ಮತ್ತು ಒಂದು ಸಂಜೆಯ ಕೆಲಸ.

ಯಾವ ವಸ್ತುವಿಗೆ ಯಾವ ಲ್ಯಾಕರ್ ಹಚ್ಚಿದೆ, ಯಾವ ತಿನ್ನರಿನಲ್ಲಿ ಕರಗುತ್ತದೆ, ಯಾವ ತಿಂಗಳು ಹಚ್ಚಿದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ವಸ್ತುವಿನ ಹಿಂಬದಿಗೋ ಪೀಠದ ಅಡಿಗೋ ಅಂಟಿಸಿಡಿ. ಲೇಪ ಕಳಚುವ ಕಾಲ ಬಂದಾಗ ಆ ಕೆಲಸ ಯಾರ ಪಾಲಿಗೆ ಬಂದರೂ ಯಾವ ಡಬ್ಬ ತೆರೆಯಬೇಕೆಂದು ಆ ಚೀಟಿ ಹೇಳುತ್ತದೆ.